ಪುಟ್ಟ ಮಕ್ಕಳಿಗೆ ಹೊಲವೇ ಪಾಠಶಾಲೆ: ರಾಯಚೂರು ಸೀಮೆಯ ಶರದೃತು

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಕರಾವಳಿಯ ನಮ್ಮ ಮಕ್ಕಳು ಹೂವಿನ ಬುಟ್ಟಿ ಹಿಡಿದು ಚರ್ಚಿಗೆ ಹೋಗುವ ಸಂಭ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಗೋವಾ ಮೂಲದ ಫಾದರ್ ಜೋಕಿಂ ಮಿರಾಂಡಾ ಅವರು ಈ ಹಬ್ಬಕ್ಕೆ ನಾಂದಿ ಹಾಡಿದರೆಂದು ಪರಂಪರೆಯ ಮಾತು. ಕನ್ಯಾ ಮರಿಯಮ್ಮನವರ ಜನ್ಮದಿನ, ಹೊಸ ತೆನೆಯ ಆಶೀರ್ವಾದ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾಡುವ ಸಸ್ಯಾಹಾರಿ ಊಟ, ಇವೆಲ್ಲದರ ನಡುವೆ ನಾವು ಗಮನಿಸದೇ ಹೋದ ಒಂದು ಸಂಗತಿ ಅಲ್ಲಿದೆ. ಆ ಒಂಬತ್ತು ದಿನ ಮಗು ಬೆಳಿಗ್ಗೆ ಎದ್ದು ಬೇಲಿ ಬೇಲಿ ತಿರುಗುತ್ತಿತ್ತು. ಯಾವ ಹೂ ಎಲ್ಲಿ ಅರಳುತ್ತದೆ, ಯಾವುದು ಪೂಜೆ ಮುಗಿಯುವ ಮೊದಲೇ ಬಾಡುತ್ತದೆ, ಯಾವ ಗಿಡದಲ್ಲಿ ಕೆಂಜಿರುವೆ ಇದೆ ಎಂಬುದನ್ನು ಯಾರೂ ಹೇಳಿಕೊಡದೆ ಕಲಿಯುತ್ತಿತ್ತು. ಈಗ ಬಹಳ ಮನೆಗಳಲ್ಲಿ ಹೂವು ಮಾರುಕಟ್ಟೆಯಿಂದ ಬರುತ್ತದೆ. ಮಗು ಬುಟ್ಟಿ ಹಿಡಿಯುತ್ತದೆ, ಅಷ್ಟೇ.

ಈ ಲೇಖನ ಕರಾವಳಿಯ ಬಗ್ಗೆ ಅಲ್ಲ. ನಮ್ಮ ಅನೇಕ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಘಟ್ಟ ಹತ್ತಿ ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸುತ್ತಿರುವುದು ಓದುಗರಿಗೆ ತಿಳಿದಿದೆ. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು ಜಿಲ್ಲೆಯಲ್ಲಿ ಆದಿಲ್ ಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯವಿರುವ ಮುದ್ಗಲ್ ಇದೆ. ಮಾನ್ವಿ, ಪನ್ನೂರು ಕಡೆ ಕರ್ನಾಟಕದ ಯೇಸುಸಭೆಯವರ ಶಾಲೆಗಳಿವೆ. ಸೆಪ್ಟೆಂಬರ್ 1ರಿಂದ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರ ತನಕ ‘ಸೃಷ್ಟಿಯ ಕಾಲ’ವನ್ನು ಆಚರಿಸುವ ರೂಢಿ ಧರ್ಮಸಭೆಯಲ್ಲಿ ಬೆಳೆದಿದೆ. 2015ರಲ್ಲಿ ‘ಲೌದಾತೋ ಸಿ’ ವಿಶ್ವಪತ್ರ ಹೊರಡಿಸಿದ ಪೋಪ್ ಫ್ರಾನ್ಸಿಸ್ ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಪಡಿಸಿದ್ದರು. ದೊಡ್ಡವರಿಗೆ ವಿಚಾರಗೋಷ್ಠಿ, ಯುವಜನರಿಗೆ ಗಿಡ ನೆಡುವುದು ಎಲ್ಲ ಸರಿ. ಮೂರರಿಂದ ಆರು ವರ್ಷದ ಮಕ್ಕಳೊಂದಿಗೆ ಏನು ಮಾಡಬೇಕು? ಅದೂ ರಾಯಚೂರು ತಾಲೂಕಿನ ಯಾಪಲದಿನ್ನಿಯಂಥ ಊರಲ್ಲಿ, ದೇವದುರ್ಗದ ಅಥವಾ ಮಾನ್ವಿಯ ಒಂದು ಹಳ್ಳಿಯಲ್ಲಿ?

ಗೋಡೆಯ ಮೇಲಿನ ಸುಳ್ಳು

ಮೊದಲು ನಮ್ಮ ನರ್ಸರಿ ಕೋಣೆಗಳ ಗೋಡೆಯನ್ನು ನೋಡೋಣ. ನಾಲ್ಕು ಋತುಗಳ ಬಣ್ಣದ ಚಾರ್ಟ್ ಅಲ್ಲಿರುತ್ತದೆ. ಮಂಜಿನ ಮನುಷ್ಯ, ಕೊಡೆ, ಹೂವು, ಮತ್ತು ‘ಆಟಂ’ ಎಂದು ಬರೆದ ಚಿತ್ರದಲ್ಲಿ ಕೆಂಪು ಎಲೆ ಉದುರಿಸುತ್ತಿರುವ ಒಂದು ಮರ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಎಂದು ಮಕ್ಕಳು ಅದನ್ನು ಬಾಯಿಪಾಠ ಹೇಳುತ್ತಾರೆ. ಕಿಟಕಿಯಿಂದ ಹೊರಗೆ ಇಣುಕಿದರೆ ಅದೇ ಅಕ್ಟೋಬರಿನಲ್ಲಿ ರಾಯಚೂರಿನ ಬೇವು ಹಸಿರಾಗಿ ನಿಂತಿದೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಅಂದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ. ಶರದೃತು ಇಲ್ಲಿ ಮಳೆ ಹಿಂದೆ ಸರಿದು, ನೆಲದಲ್ಲಿ ಇನ್ನೂ ತೇವ ಉಳಿದು, ಆಕಾಶ ತೊಳೆದಂತೆ ತಿಳಿಯಾಗುವ ಕಾಲ. ವರ್ಷದಲ್ಲಿ ಈ ಜಿಲ್ಲೆ ಅತಿ ಹೆಚ್ಚು ಹಸಿರಾಗಿರುವುದು ಈಗಲೇ.

ನಾಲ್ಕು ವರ್ಷದ ಮಗುವಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕಣ್ಣಿಗೆ ಕಂಡದ್ದು ಒಂದು, ಟೀಚರ್ ಹೇಳಿದ್ದು ಇನ್ನೊಂದು ಎಂದಾದಾಗ ಮಗು ಟೀಚರನ್ನೇ ನಂಬುತ್ತದೆ. ಕಣ್ಣನ್ನು ನಂಬಬಾರದು ಎಂದು ಕಲಿಯುತ್ತದೆ. ಈ ತಪ್ಪಿನಲ್ಲಿ ನಮ್ಮ ಸಂಸ್ಥೆಗಳ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆಂಗ್ಲ ಮಾಧ್ಯಮದ ಹೆಸರಿನಲ್ಲಿ ಇಂಥ ಚಾರ್ಟುಗಳನ್ನು ಹಳ್ಳಿಗೆ ಹೊತ್ತು ತಂದವರಲ್ಲಿ ನಾವೂ ಇದ್ದೇವೆ.

ಹಾಗೆಂದು ಕರಾವಳಿಯ ಪಾಠವನ್ನು ಅಲ್ಲಿಗೆ ಒಯ್ದರೂ ಆಗದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ. ರಾಯಚೂರಿನಲ್ಲಿ ಸುಮಾರು 600ರಿಂದ 700 ಮಿ.ಮೀ., ಅದರಲ್ಲೂ ಸೆಪ್ಟೆಂಬರ್ ತಿಂಗಳದ್ದೇ ದೊಡ್ಡ ಪಾಲು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯಲ್ಲಿ ಕಾಲುವೆ ನೀರು ಬಂದಲ್ಲಿ ಭತ್ತ, ಬಾರದಲ್ಲಿ ಜೋಳ, ಹತ್ತಿ, ತೊಗರಿ, ಸಜ್ಜೆ, ಸೂರ್ಯಕಾಂತಿ. ಹಲಸು, ತೆಂಗು, ಕಡಲು ಗೊತ್ತಿರುವ ಧರ್ಮಭಗಿನಿಗೆ ಅಲ್ಲಿನ ಮುಳ್ಳಿನ ಗಿಡಗಳ ಹೆಸರೂ ಗೊತ್ತಿರುವುದಿಲ್ಲ. ಅದೇ ಒಳ್ಳೆಯದಾಯಿತು ಎನ್ನಬೇಕು. ಆಕೆ ಮಕ್ಕಳನ್ನೇ ಕೇಳಬೇಕಾಗುತ್ತದೆ, ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಬೇಕಾಗುತ್ತದೆ.

ಹೆಸರುಗಳ ವಿಷಯ ಬಂದಾಗ ಯಾಪಲದಿನ್ನಿ ಎಂಬ ಊರಿನ ಹೆಸರೇ ಒಳ್ಳೆಯ ಆರಂಭ. ತೆಲುಗಿನ ಆಡುಮಾತಿನಲ್ಲಿ ಬೇವಿಗೆ ಯಾಪ ಎನ್ನುವುದುಂಟು. ದಿನ್ನಿ ಎಂದರೆ ದಿಬ್ಬ. ಹೆಸರಿನಲ್ಲೇ ಒಂದು ಮರ, ಒಂದು ನೆಲದ ಉಬ್ಬು ಇರುವಂತೆ ಕೇಳಿಸುತ್ತದೆ. ರಾಯಚೂರು ತಾಲೂಕು ಆಂಧ್ರ ಮತ್ತು ತೆಲಂಗಾಣ ಎರಡಕ್ಕೂ ತಾಗಿಕೊಂಡಿರುವುದರಿಂದ ಒಂದೇ ಅಂಗನವಾಡಿಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳು ಸಿಗಬಹುದು. ಒಂದು ಬೇವಿನ ಮರದ ಕೆಳಗೆ ಕುಳಿತು ‘ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?’ ಎಂದು ಕೇಳಿದರೆ ಒಂದು ದಿನದ ಪಾಠ ಆಯಿತು. ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಬಳಿಗೆ ತಂದದ್ದು ಆತ ಅವುಗಳಿಗೆ ಏನೆಂದು ಹೆಸರಿಡುತ್ತಾನೆ ಎಂದು ನೋಡುವುದಕ್ಕೆ.

ಅಂಗಳದಲ್ಲಿ ಹುಟ್ಟಿದ ಶಾಲೆ

ಮಕ್ಕಳನ್ನು ಹೊರಗೆ ಕರೆದೊಯ್ದು ಕಲಿಸುವುದು ವಿದೇಶದ ಹೊಸ ಫ್ಯಾಷನ್ ಎಂದು ಕೆಲವರು ಭಾವಿಸುತ್ತಾರೆ. ಡೆನ್ಮಾರ್ಕ್, ಜರ್ಮನಿಗಳ ಕಾಡಿನ ಬಾಲವಾಡಿಗಳ ಚಿತ್ರಗಳನ್ನು ನೋಡಿ ಹಾಗೆನ್ನಿಸುವುದು ಸಹಜ. ನಮ್ಮಲ್ಲಿ ಇದರ ಬೇರು ಹಳೆಯದು. ‘ಅಂಗನವಾಡಿ’ ಎಂಬ ಮಾತಿನಲ್ಲೇ ಅಂಗಳ ಇದೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬ ಕಡಲತೀರದ ಊರಿನಲ್ಲಿ ಗ್ರಾಮೀಣ ಬಾಲಶಿಕ್ಷಣ ಕೇಂದ್ರ ತೆರೆದರು. ಅನುತಾಯಿ ವಾಘ್ ಅವರ ಜೊತೆಗಾರ್ತಿ. ಬಡವರ ಮಕ್ಕಳು ಬಾಲವಾಡಿಗೆ ಬರಲಿಲ್ಲವೆಂದು ಕಂಡಾಗ ಅವರು ಬಾಲವಾಡಿಯನ್ನೇ ಆ ಮಕ್ಕಳ ಕೇರಿಯ ಅಂಗಳಕ್ಕೆ ಒಯ್ದರು. ಎಲೆ, ಕಲ್ಲು, ಬೀಜ, ಚಿಪ್ಪು, ಇವೇ ಪಾಠೋಪಕರಣ. ಮುಂದೆ ಕೋಸಬಾಡ್ ಬೆಟ್ಟದ ಆದಿವಾಸಿ ಮಕ್ಕಳ ನಡುವೆ ದನ ಮೇಯಿಸುವವರಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಸಿಕ್ಕಿದ್ದು ಇದೇ ಅಂಗನವಾಡಿ ಎಂಬ ಹೆಸರು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ.

ಶಿಶುಶಿಕ್ಷಣದಲ್ಲಿ ಹೆಸರಾದ ಮರಿಯಾ ಮೊಂತೆಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ದೆಸೆಯಿಂದ ಇಲ್ಲೇ ಉಳಿಯಬೇಕಾಗಿ ಬಂದಾಗ, ಕೊಡೈಕನಾಲಿನ ಬೆಟ್ಟದಲ್ಲಿ ಮಕ್ಕಳೊಂದಿಗೆ ಗಿಡ, ಕೀಟ, ಕಲ್ಲುಗಳ ನಡುವೆ ಕಳೆದ ದಿನಗಳು ಅವರ ವಿಚಾರವನ್ನೇ ಬೆಳೆಸಿದವು. ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ನಡೆಸಿದ ಪ್ರಯೋಗಗಳನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಳ್ಳಿಯ ಮಗು ಹೇಗೂ ಹೊರಗೇ ಇರುತ್ತದಲ್ಲ, ಅದಕ್ಕೆ ಪ್ರಕೃತಿ ಪಾಠ ಏಕೆ? ಮೇಲ್ನೋಟಕ್ಕೆ ಇದು ನಿಜ. ಆಡಿನ ಮರಿಯ ಹಿಂದೆ ಓಡುವ ಮಗುವಿಗೆ ಆಡಿನ ಬಗ್ಗೆ ನಾವು ಹೇಳುವುದೇನೂ ಇಲ್ಲ. ಆದರೆ ಹೊರಗಿರುವುದು ಬೇರೆ, ಒಬ್ಬ ದೊಡ್ಡವರು ಪಕ್ಕದಲ್ಲಿ ಕೂತು ‘ನಿನ್ನೆ ಹೀಗಿತ್ತಾ?’ ಎಂದು ಕೇಳುವುದು ಬೇರೆ. ಹೋಲಿಸುವುದು, ಎಣಿಸುವುದು, ಮುಂದೇನಾಗುತ್ತದೆ ಎಂದು ಊಹಿಸುವುದು, ಕಂಡದ್ದನ್ನು ಮಾತಿನಲ್ಲಿ ಹೇಳುವುದು ಬರುವುದು ಆ ಮಾತುಕತೆಯಿಂದ. ರಾಯಚೂರಿನಂಥ ಜಿಲ್ಲೆಯಲ್ಲಿ ಬೆಳಗಾಗುವ ಮೊದಲೇ ಕೂಲಿಗೆ ಹೋಗುವ ತಾಯಿಗೆ ಅದಕ್ಕೆ ಹೊತ್ತಿಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಆಟ, ಮಾತು, ಹೊರಾಂಗಣದ ಅನುಭವವೇ ಮುಖ್ಯವೆಂದು ಹೇಳುತ್ತದೆ. ಕಾಗದದ ಮೇಲೆ ಹೇಳುವುದು ಸುಲಭ.

ಅಕ್ಟೋಬರಿನಲ್ಲಿ ನೋಡಬೇಕಾದ್ದು

ಮಣ್ಣಿನಿಂದ ಆರಂಭಿಸುವುದು ಒಳ್ಳೆಯದು. ಈ ಸೀಮೆಯಲ್ಲಿ ಕಪ್ಪು ಎರೆಮಣ್ಣು, ಕೆಂಪು ಮಸಾರಿ ಎರಡೂ ಸಿಗುತ್ತವೆ. ಎರಡು ಗಾಜಿನ ಲೋಟದಲ್ಲಿ ಒಂದೊಂದು ಹಿಡಿ ಹಾಕಿ ನೀರು ಹೊಯ್ದರೆ ಮಕ್ಕಳು ಅರ್ಧ ಗಂಟೆ ಅಲುಗಾಡುವುದಿಲ್ಲ. ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಕೈಗೆ ಅಂಟುತ್ತದೆ, ಉಂಡೆ ಕಟ್ಟಿದರೆ ನಿಲ್ಲುತ್ತದೆ. ಮಸಾರಿ ಬೇಗ ಬಸಿದುಹೋಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಮಕ್ಕಳಿಗೆ ಯಾವ ಮಣ್ಣು ಬೇಕೆಂದು ಮೊದಲೇ ಗೊತ್ತಿರುತ್ತದೆ. ಅದನ್ನು ಅವರ ಬಾಯಿಂದಲೇ ಹೇಳಿಸಬೇಕು. ಮಳೆ ನಿಂತ ಮೇಲೆಯೂ ಕಪ್ಪು ನೆಲ ತೇವ ಹಿಡಿದಿಟ್ಟುಕೊಳ್ಳುವುದರಿಂದಲೇ ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ ಆ ತೇವದಲ್ಲೇ ಬೆಳೆಯುತ್ತಾರೆ.

ಹೀಗೆ ಬಿತ್ತನೆಯ ದಿನಗಳಲ್ಲಿ ಹೊಲದ ಬದುವಿನ ಮೇಲೆ ಕುಳಿತವರಿಗೆ ಬಿತ್ತುವವನ ಸಾಮತಿ ವಿವರಿಸುವ ಕಷ್ಟವಿಲ್ಲ. ದಾರಿ ಅಲ್ಲೇ ಇದೆ, ಬೀಜ ಹೆಕ್ಕುವ ಹಕ್ಕಿ ಅಲ್ಲೇ ಇದೆ. ಕಲ್ಲಿನ ನೆಲ, ಜಾಲಿ ಮುಳ್ಳು, ಒಳ್ಳೆಯ ನೆಲ ಎಲ್ಲವೂ ಕೂಗಳತೆಯಲ್ಲಿವೆ. ನಾಲ್ಕು ಒಡೆದ ಮಡಕೆ ಚೂರುಗಳಲ್ಲಿ ಈ ನಾಲ್ಕು ಬಗೆಯ ನೆಲ ಮಾಡಿ ಹತ್ತು ಹತ್ತು ಜೋಳದ ಕಾಳು ಹಾಕಿಸಿದರೆ ಒಂದು ವಾರದೊಳಗೆ ಮೊಳಕೆ ಎಣಿಸಬಹುದು. ದೊತೊರ್ನ್ ಕಲಿಸುವವರು ಕರಾವಳಿಯಲ್ಲೂ ಇದನ್ನು ಮಾಡಬಹುದು. ಆದರೆ ಇಲ್ಲಿ ಬಿತ್ತುವವನ ಹೊಲ ಚಿತ್ರ ನೋಡಿ ಊಹಿಸಬೇಕಾದದ್ದು.

ಹತ್ತಿಯ ಹೂವು ಇನ್ನೊಂದು ಅಚ್ಚರಿ. ಅರಳಿದ ದಿನ ಕೆನೆಬಣ್ಣ, ಮರುದಿನ ಗುಲಾಬಿ. ಬದುವಿನ ಮೇಲಿನಿಂದಲೇ ಒಂದು ಗಿಡ ಗುರುತು ಮಾಡಿ ಎರಡು ದಿನ ನೋಡಿದರೆ ಸಾಕು. ಒಡೆದ ಕಾಯಿ ಒಂದನ್ನು ಮನೆಯವರಿಂದ ಕೇಳಿ ತಂದು ತೊಳೆ ಎಣಿಸಿ, ಅರಳೆಯೊಳಗಿನ ಬೀಜ ಹುಡುಕುವುದು ಬೆರಳಿಗೆ ಒಳ್ಳೆಯ ಕೆಲಸ. ತೊಗರಿ ಹಳದಿ ಹೂ ಬಿಡುವುದೂ ಇದೇ ಹೊತ್ತಿಗೆ. ಗುಡ್ಡದ ಕಲ್ಲುಗಳ ನಡುವೆ ಸೀತಾಫಲ ಕಣ್ಣು ಬಿಡುತ್ತದೆ. ಹಣ್ಣು ತಿಂದು ಎಷ್ಟು ಬೀಜ ಎಂದು ಎಣಿಸುವ ಪಾಠಕ್ಕೆ ಯಾವ ಮಗುವೂ ಗೈರುಹಾಜರಾಗದು. (ಬೀಜ ಒಡೆದು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು.) ಹುಲ್ಲಿನಲ್ಲಿ ನಡೆದು ಬಂದ ಮೇಲೆ ಲಂಗದ ಅಂಚಿಗೆ ಅಂಟಿದ ಉತ್ತರಾಣಿಯ ಕಾಳುಗಳನ್ನು ಬಿಡಿಸಿ ಮಣ್ಣಿನಲ್ಲಿ ಹಾಕಿದರೆ, ಗಿಡ ಊರಿಂದೂರಿಗೆ ನಡೆಯುವುದು ಹೇಗೆಂದು ಬಾಯಲ್ಲಿ ಹೇಳಬೇಕಾಗಿಲ್ಲ. ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡುಗಳು ತೂಗುತ್ತಿರುತ್ತವೆ. ಕೆಳಗೆ ಬಿದ್ದ ಹಳೆಯ ಗೂಡು ಸಿಕ್ಕಿದರೆ ಅದನ್ನು ಒಂದೊಂದೇ ಎಳೆ ಬಿಡಿಸಿ, ಮತ್ತೆ ಹೆಣೆಯಲು ಹೇಳಿ ನೋಡಿ. ಐದು ವರ್ಷದವರಿಗೂ ಸಾಧ್ಯವಾಗದು, ಐವತ್ತರವರಿಗೂ ಸಾಧ್ಯವಾಗದು.

ವಿಜಯದಶಮಿಯ ದಿನ ಈ ಕಡೆಯಲ್ಲಿ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಮಕ್ಕಳು ಅದನ್ನು ಧರ್ಮಭಗಿನಿಯರ ಕೈಗೂ ತಂದಿಡುತ್ತಾರೆ. ಪ್ರೀತಿಯಿಂದ ತೆಗೆದುಕೊಳ್ಳುವುದು, ಮರುದಿನ ಆ ಮರವನ್ನೇ ನೋಡಲು ಹೋಗುವುದು. ಬನ್ನಿಗೆ ಮುಳ್ಳಿದೆ, ಬಳ್ಳಾರಿ ಜಾಲಿಗೂ ಮುಳ್ಳಿದೆ. ಒಂದನ್ನು ರೈತ ಹೊಲದ ನಡುವೆ ಉಳಿಸಿಕೊಂಡಿದ್ದಾನೆ, ಇನ್ನೊಂದನ್ನು ಕಡಿದಷ್ಟೂ ಮತ್ತೆ ಬರುತ್ತದೆ. ಏಕೆ ಎಂದು ಊರಿನ ಹಿರಿಯರನ್ನು ಕರೆದು ಕೇಳಿಸಬಹುದು.

ಎಲ್ಲವನ್ನೂ ಒಂದೇ ದಿನ ಮಾಡಬಾರದು. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ, ಮಗುವಿನ ಕಾಲಿಗೆ ಐದು ನಿಮಿಷದ ದೂರ, ಒಂದೇ ಜಾಗ, ವಾರಕ್ಕೆ ಎರಡು ಸಲ. ಹೊಸ ಜಾಗಕ್ಕಿಂತ ಅದೇ ಜಾಗಕ್ಕೆ ಮತ್ತೆ ಹೋಗುವುದರಲ್ಲಿ ಲಾಭ ಹೆಚ್ಚು, ಬದಲಾವಣೆ ಕಾಣುವುದು ಆಗ ಮಾತ್ರ. ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರಾದರೂ ಬೇಕು. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಇಬ್ಬರೂ ಹೊರಟರೆ ಅಡುಗೆ ನಿಲ್ಲುತ್ತದೆ. ಆದ್ದರಿಂದ ಧರ್ಮಕೇಂದ್ರದ ಸ್ತ್ರೀ ಸಂಘಟನೆಯವರು, ಸ್ವಸಹಾಯ ಸಂಘದ ತಾಯಂದಿರು ಸರದಿಯಂತೆ ಬರುವ ವ್ಯವಸ್ಥೆ ಅಗತ್ಯ. ನಮ್ಮವರು ಸಹಾಯ ಮಾಡಬಹುದಾದ ಜಾಗ ನಿಜವಾಗಿ ಇದೇ.

ಎಚ್ಚರ ತಪ್ಪಬಾರದ ವಿಷಯಗಳು

ಹತ್ತಿ ಹೊಲದೊಳಗೆ ಮಕ್ಕಳನ್ನು ಇಳಿಸಲೇಬಾರದು ಎಂಬುದಕ್ಕೆ ಕಾರಣವಿದೆ. ಸೆಪ್ಟೆಂಬರ್, ಅಕ್ಟೋಬರ್ ಕೀಟನಾಶಕ ಸಿಂಪಡಿಸುವ ಕಾಲ. ಔಷಧ ಹೊಡೆದ ಹೊಲ ನೋಡಿದರೆ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು. ಖಾಲಿ ಡಬ್ಬಿ, ಬಾಟಲಿ ಬದುವಿನಲ್ಲಿ ಬಿದ್ದಿರುತ್ತದೆ, ಮಕ್ಕಳಿಗೆ ಅದು ಆಟದ ಸಾಮಾನು.

ಎರಡನೆಯದು ನೀರು. ಮಳೆಗಾಲ ಮುಗಿಯುವಾಗ ಕೃಷಿ ಹೊಂಡಗಳು ತುಂಬಿರುತ್ತವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಜಾರಿದರೆ ದೊಡ್ಡವರಿಗೂ ಹತ್ತಿ ಬರಲಾಗದು. ಬೇಲಿಯಿಲ್ಲದ ಹೊಂಡವಿರುವ ಕಡೆಗೆ ಮಕ್ಕಳ ತಂಡ ಹೋಗಬಾರದು, ಬೇಲಿ ಹಾಕಿಸುವಂತೆ ಪಂಚಾಯತಿಗೆ ಬರೆದುಕೊಡಬೇಕು. ಮುಚ್ಚದ ಕೊಳವೆ ಬಾವಿಯೂ ಹಾಗೆಯೇ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗು ಬದುಕಿ ಬಂದದ್ದು ದೇವರ ದಯೆ. ಎಲ್ಲರಿಗೂ ಆ ಭಾಗ್ಯ ಸಿಕ್ಕಿಲ್ಲ.

ಇನ್ನು ಗಿಡಗಳು. ಗುಲಗಂಜಿ ಕೆಂಪು, ಕಪ್ಪು ಮಣಿಯಂತೆ ಚೆಂದ. ಅದರ ಒಂದೇ ಬೀಜವನ್ನು ಅಗಿದು ನುಂಗಿದರೂ ಮಗುವಿನ ಪ್ರಾಣಕ್ಕೆ ಅಪಾಯ. ಹರಳು ಬೀಜ, ದತ್ತೂರಿ, ಕಣಗಿಲೆ ಇವೂ ವಿಷವೇ. ಎಕ್ಕೆಯ ಹಾಲು ಕಣ್ಣಿಗೆ ಬೀಳಬಾರದು. ಕಾಂಗ್ರೆಸ್ ಹುಲ್ಲಿನಿಂದ ಕೆಲವರಿಗೆ ಮೈ ತುರಿಕೆ, ಉಬ್ಬಸ. ‘ನೋಡು, ಮೂಸು, ಬಾಯಿಗೆ ಹಾಕಬೇಡ, ಕೈ ತೊಳೆ’ ಎಂಬುದು ಮೊದಲ ದಿನದ ಪಾಠವಾಗಲಿ. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಕೊಯ್ಯದೆ, ಮಂತ್ರ ಹಾಕಿಸುತ್ತ ಕೂರದೆ, ಕಚ್ಚಿದ ಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಹೊರಡುವ ಮೊದಲು ಹತ್ತಿರದಲ್ಲಿ ವಾಹನ ಯಾರ ಬಳಿ ಇದೆ ಎಂದು ತಿಳಿದಿಟ್ಟುಕೊಂಡಿರಬೇಕು. ಇಷ್ಟೆಲ್ಲ ಓದಿ ಮಕ್ಕಳನ್ನು ಒಳಗೇ ಕೂರಿಸುವುದು ಕ್ಷೇಮ ಎಂದು ಯಾರಿಗಾದರೂ ತೋಚಿದರೆ, ಅದೇ ಮಕ್ಕಳು ಮಧ್ಯಾಹ್ನದ ನಂತರ ಯಾರ ಕಾವಲೂ ಇಲ್ಲದೆ ಇದೇ ಹೊಲಗಳಲ್ಲಿ ತಿರುಗುತ್ತಾರೆ ಎಂಬುದನ್ನು ನೆನಪಿಡಬೇಕು.

ಅಕ್ಕನ ಶಾಲೆ

ಕೊನೆಯದಾಗಿ ಹೇಳುತ್ತಿದ್ದೇನಾದರೂ ಇದೇ ಮುಖ್ಯ. ಈ ತಿಂಗಳುಗಳು ಹತ್ತಿಯ ತಿಂಗಳುಗಳು. ಹೈಬ್ರಿಡ್ ಬೀಜದ ಪ್ಲಾಟುಗಳಲ್ಲಿ ಸಂಜೆ ಹೂವಿನ ಗಂಡುಭಾಗ ಕಿತ್ತು, ಬೆಳಿಗ್ಗೆ ಕೈಯಿಂದ ಪರಾಗ ತಾಗಿಸುವ ಕೆಲಸಕ್ಕೆ ಸಣ್ಣ ಬೆರಳುಗಳು ಬೇಕೆಂದು ಹುಡುಗಿಯರನ್ನು ಕರೆಯುವ ಕೆಟ್ಟ ಪದ್ಧತಿ ದಕ್ಷಿಣ ಭಾರತದ ಬೀಜೋತ್ಪಾದನೆಯ ಪ್ರದೇಶಗಳಲ್ಲಿ ಬೆಳೆದು ಬಂದಿತ್ತು. ಅದು ಮುಗಿಯುವಾಗ ಹತ್ತಿ ಬಿಡಿಸುವ ಕೆಲಸ. 2016ರ ತಿದ್ದುಪಡಿಯ ನಂತರ ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕಿಡುವುದನ್ನು ಕಾನೂನು ಪೂರ್ತಿ ನಿಷೇಧಿಸಿದೆ, ಶಾಲೆಯ ನಂತರ ಸ್ವಂತ ಮನೆಯ ಕೆಲಸಕ್ಕೆ ನೆರವಾಗುವುದಕ್ಕೆ ರಿಯಾಯಿತಿ ಇದೆ. ಆದರೆ ಹೊಲಕ್ಕೆ ಹೋಗದ ಹುಡುಗಿಯೂ ಶಾಲೆ ಬಿಡುತ್ತಾಳೆ. ಅವ್ವ ಹತ್ತಿ ಬಿಡಿಸಲು ಹೋದಾಗ ಮನೆಯ ಕೂಸನ್ನು ನೋಡಿಕೊಳ್ಳುವವರು ಬೇಕಲ್ಲ. ಒಂಬತ್ತು, ಹತ್ತು ವರ್ಷದ ಅಕ್ಕ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಲ್ಲುತ್ತಾಳೆ. ಶಿಕ್ಷಕರು ಹಾಜರಿ ಪುಸ್ತಕದಲ್ಲಿ ‘ಗೈರು’ ಬರೆಯುತ್ತಾರೆ, ಜನವರಿಯ ನಂತರ ಅವಳು ಬರುವುದೇ ಇಲ್ಲ.

ಮೂರು ವರ್ಷಕ್ಕಿಂತ ಕೆಳಗಿನವರಿಗಾಗಿ ರಾಜ್ಯ ಸರಕಾರ 2023–24ರ ಬಜೆಟ್‌ನಲ್ಲಿ ಗ್ರಾಮ ಪಂಚಾಯತಿಗಳಲ್ಲಿ 4,000 ‘ಕೂಸಿನ ಮನೆ’ಗಳನ್ನು ಘೋಷಿಸಿತು. ಮೂರು ದಾಟಿದವರಿಗೆ ಅಂಗನವಾಡಿ ಇದೆ. ಆದರೆ ಮಗು ಅಲ್ಲಿ ನಿಲ್ಲಬೇಕು. ಬೀಗ ಹಾಕಿದ ಗೇಟಿನೊಳಗೆ, ಚಾಪೆಯ ಮೇಲೆ ಕೈಕಟ್ಟಿ ಕೂರಿಸಿದರೆ ಅದು ಅತ್ತು ಅಕ್ಕನನ್ನೇ ಕೇಳುತ್ತದೆ. ‘ಇವತ್ತು ನಮ್ಮ ಜೋಳ ಎಷ್ಟು ಬಂದಿದೆ ನೋಡೋಣ’ ಎಂದು ಕರೆದರೆ ಓಡಿ ಬರುತ್ತದೆ. ಮಣ್ಣಿನ ಲೋಟ, ಗೀಜಗನ ಗೂಡು, ಮೊಳಕೆಯೊಡೆದ ಕಾಳು ಕೆಲವರಿಗೆ ಆಟದಂತೆ ಕಾಣಬಹುದು. ಅವು ಒಂದು ಮಗುವನ್ನು ಮಧ್ಯಾಹ್ನದವರೆಗೆ ಸಂತೋಷದಿಂದ ಹಿಡಿದಿಟ್ಟರೆ, ಇನ್ನೊಂದು ಮಗು ಐದನೇ ತರಗತಿಯ ಬೆಂಚಿನಲ್ಲಿ ಕುಳಿತಿರುತ್ತದೆ. ಆದುದರಿಂದ ನಮ್ಮ ಶಾಲೆಗಳನ್ನು ನಡೆಸುವವರು ಊರಿನ ಅಂಗನವಾಡಿ ತಮ್ಮದಲ್ಲ, ಸರಕಾರದ್ದು ಎಂದು ದೂರ ನಿಲ್ಲಬಾರದು. ಅಕ್ಟೋಬರಿನಿಂದ ಜನವರಿಯವರೆಗೆ ವಾರಕ್ಕೆ ಎರಡು ಬೆಳಗನ್ನು ಅಲ್ಲಿಗೆ ಕೊಟ್ಟರೆ ಅದರ ಫಲ ತಮ್ಮ ಹಾಜರಿ ಪುಸ್ತಕದಲ್ಲೇ ಕಾಣಬಹುದು.

ಅಕ್ಟೋಬರ್ ಮೊದಲ ವಾರ ಅಂಗನವಾಡಿಯ ಮೂಲೆಯಲ್ಲಿ ಬಿತ್ತಿದ ಜೋಳ ಫೆಬ್ರವರಿಯ ಹೊತ್ತಿಗೆ ಮಗುವಿಗಿಂತ ಎತ್ತರ ನಿಂತು ತೆನೆ ಬಲಿತಿರುತ್ತದೆ. ಬೇವು ಎಲೆ ಉದುರಿಸಲು ಆರಂಭಿಸುವುದೂ ಆಗಲೇ. ಮಕ್ಕಳು ಉದುರಿದ ಹಳದಿ ಎಲೆ ಗುಡಿಸಿ ರಾಶಿ ಮಾಡಿ ಅದರ ಮೇಲೆ ಹಾರುತ್ತಿರುವಾಗ ಆ ನಾಲ್ಕು ಋತುಗಳ ಚಾರ್ಟನ್ನು ಮತ್ತೆ ಹೊರಗೆ ತೆಗೆಯಬಹುದು, ತಿಂಗಳ ಹೆಸರನ್ನು ಹೊಡೆದು ಹಾಕಿ.